ಡೀಸೆಲ್ ಗಾಡಿ ಮತ್ತು ಮಂಜಣ್ಣನ ಕಲ್ಲು

ಆಸೆಪಡುವ ವಿಷಯದಲ್ಲಿ ನಾನು ದೊಡ್ಡ ಮನುಷ್ಯನೇನಲ್ಲ. ಬಂಗಲೆಯ ಮೇಲಾಗಲಿ, ತೋಟದ ಮೇಲಾಗಲಿ, ದೇವಸ್ಥಾನದ ಮೊಕ್ತೇಸರಿಕೆಯ ಮೇಲಾಗಲಿ ನನ್ನ ಕಣ್ಣು ಬಿದ್ದದ್ದಿಲ್ಲ. ಆದರೆ ಎಂಟು ವರ್ಷಗಳ ಕಾಲ ನಾನು ಡೀಸೆಲ್ ಹೊಗೆಗಾಗಿ ಹಂಬಲಿಸಿದ್ದೇನೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕುಂದಾಪುರ ಪೇಟೆಯಲ್ಲಿ ಯಾರದಾದರೂ ಡೀಸೆಲ್ ಪಿಕಪ್ ಕರ್ರನೆ ಹೊಗೆ ಬಿಟ್ಟು ಮುಂದೆ ಹೋದರೆ ಉಳಿದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಮಾತ್ರ ಒಂದು ಉಸಿರು ಹೆಚ್ಚಿಗೆ ಎಳೆದುಕೊಂಡು ನಿಲ್ಲುತ್ತಿದ್ದೆ. ನನ್ನ ಹೆಂಡತಿ ಸುಮತಿ ಒಮ್ಮೆ ಇದನ್ನು ನೋಡಿದಳು. ಅಂದಿನಿಂದ ಪೇಟೆಯಲ್ಲಿ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಾಳೆ.

ಬಸ್ರೂರಿನಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ. ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಚಪ್ಪರ, ಕುರ್ಚಿ, ಪಾತ್ರೆ, ಲೈಟು ಎಲ್ಲವನ್ನೂ ಬಾಡಿಗೆಗೆ ಕೊಡುವುದು ಕಸುಬು. ಇವೆಲ್ಲಕ್ಕಿಂತ ಮುಖ್ಯವಾದದ್ದು ಜನರೇಟರು. ಕರೆಂಟನ್ನು ನಂಬಿ ಮದುವೆ ಮಾಡುವಷ್ಟು ಧೈರ್ಯವಂತರು ನಮ್ಮ ಕಡೆ ಆಗ ಇರಲಿಲ್ಲ. ಕುರ್ಚಿ, ಕಂಬ, ಬಟ್ಟೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಆಳುಗಳು ಮೊದಲೇ ಹೊರಟುಬಿಡುತ್ತಿದ್ದರು. ಎರಡು ಚಕ್ರದ ಟ್ರಾಲಿಯ ಮೇಲೆ ಕೂತ ಜನರೇಟರನ್ನು ಗಾಡಿಯ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು ನನ್ನ ಪಾಲು. ಆ ಗಾಡಿಯನ್ನು ತೊಂಬತ್ತೆಂಟರಲ್ಲಿ ಬ್ರಹ್ಮಾವರದ ಒಬ್ಬರಿಂದ ಕೊಂಡಿದ್ದೆ. ಹಳೆಯ ಪೆಟ್ರೋಲ್ ಜೀಪು. ಹಿಂಭಾಗ ಕತ್ತರಿಸಿ ಪಿಕಪ್ ಮಾಡಿಸಿದ್ದರು. ಮಾರಿದವರು ಅದರ ಬಾನೆಟ್ಟು ಸವರುತ್ತಾ, "ಶೆಟ್ರೆ, ಪೆಟ್ರೋಲ್ ಗಾಡಿ ಅಂದ್ರೆ ಸದ್ದೇ ಇಲ್ಲೆ ಕಾಣಿ. ಹೊರಟದ್ದ್ ನಿಮ್ಗೇ ಗೊತ್ತಾತ್ತಿಲ್ಲ" ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಅದು ನಿಂತದ್ದೂ ಗೊತ್ತಾಗುತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಸಪಾಟು ರಸ್ತೆಯಲ್ಲಿ ಅದು ಬಂಗಾರದಂಥ ಗಾಡಿ. ತ್ರಾಸಿಯ ಹತ್ತಿರ ಸಮುದ್ರದ ಗಾಳಿಗೆ ಮುಖ ಕೊಟ್ಟು ಹೋಗುವಾಗ ಹಿಂದೊಂದು ಜನರೇಟರ್ ಇದೆ ಎಂಬುದೇ ಮರೆತುಹೋಗುತ್ತಿತ್ತು. ಬೈಂದೂರು ದಾಟಿ ಒತ್ತಿನೆಣೆಯ ಏರು ಬಂದಾಗ ನೆನಪಾಗುತ್ತಿತ್ತು. ಶಿರೂರು ಕಡೆಯ ಮದುವೆ ಒಪ್ಪಿಕೊಂಡರೆ ಆ ಗುಡ್ಡ ಹತ್ತದೆ ಗತಿಯಿಲ್ಲ. ಅರ್ಧ ಏರುವಷ್ಟರಲ್ಲಿ ಇಂಜಿನ್ ಕಾದು, ಪೆಟ್ರೋಲ್ ಪಂಪು ಬಿಸಿಯಾಗಿ, ಎರಡು ಸಲ ಬಿಕ್ಕಳಿಸಿ ಗಾಡಿ ಸುಮ್ಮನಾಗುತ್ತಿತ್ತು. ಆಮೇಲೆ ಒಂದೇ ಉಪಾಯ. ಮೈ ಒರೆಸುವ ಬೈರಾಸನ್ನು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿ ಅದು ತಣಿಯುವವರೆಗೆ ಅರ್ಧ ಗಂಟೆ ಕಾಯಬೇಕು. ನಮ್ಮ ಮನೆಯ ಹಗ್ಗದ ಮೇಲೆ ಒಣಗಲು ಹಾಕಿದ ಬೈರಾಸುಗಳು ಒಂದೊಂದಾಗಿ ಕಾಣೆಯಾಗಿ, ಗ್ರೀಸು ಮೆತ್ತಿಕೊಂಡು ಗಾಡಿಯ ಸೀಟಿನಡಿ ಸಿಗುತ್ತಿದ್ದವು. "ಕೇಂಡ್ರ್ಯಾ," ಎನ್ನುತ್ತಿದ್ದಳು ಸುಮತಿ, "ಮನೆಗ್ ನೆಂಟ್ರ್ ಬಂದ್ರೆ ಕೈ ಒರ್ಸುಕೆ ನಿಮ್ಮ ಗಾಡಿ ಹತ್ರವೇ ಕಳ್ಸುದಾ?"

ಆ ಏರಿನ ಅರ್ಧದಲ್ಲಿ ಮಂಜಣ್ಣನ ಚಾದ ಅಂಗಡಿ ಇತ್ತು. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೆ ತೆಂಗಿನ ಮಡಲು, ಎದುರಿಗೊಂದು ಬೆಂಚು. ಮೊದಲ ಸಲ ನನ್ನ ಗಾಡಿ ಅಲ್ಲಿ ನಿಂತು, ಟ್ರಾಲಿಯ ಭಾರಕ್ಕೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿದಾಗ ಅಂಗಡಿಯೊಳಗಿಂದ ಒಬ್ಬ ಮುದುಕ "ಹ್ವಾಯ್, ಬ್ರೇಕ್ ಬಿಡ್ಬೇಡಿ, ಕಲ್ಲ್ ತತ್ತೆ!" ಎಂದು ಕೂಗಿಕೊಂಡು ಓಡಿಬಂದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದ. ಆ ರಸ್ತೆಯ ರೀತಿಯೇ ಅದು. ನಿಂತ ಗಾಡಿಗೆ ಕಲ್ಲು ಕೊಡಬೇಕು. ಗಾಡಿ ಹೊರಟ ಮೇಲೆ ಆ ಕಲ್ಲನ್ನು ರಸ್ತೆಯ ಮಧ್ಯ ಬಿಡದೆ ಬದಿಗಿಡಬೇಕು. ನಾಲ್ಕೈದು ಸಲ ಹೀಗಾದ ಮೇಲೆ ಮಂಜಣ್ಣ ಒಂದು ಮೆತ್ತನೆಯ ಕೆಂಪು ಮುರಕಲ್ಲನ್ನು ಕತ್ತಿಯಿಂದ ಕೆತ್ತಿ, ನನ್ನ ಟಯರು ಸರಿಯಾಗಿ ಕೂರುವ ಹಾಗೆ ತಗ್ಗು ಮಾಡಿ, ಬೆಂಚಿನ ಕೆಳಗೆ ಇಟ್ಟುಕೊಂಡ. "ಇದ್ ನಿಮ್ದೇ ಕಲ್ಲ್, ಶೆಟ್ರೆ. ಬೇರೆಯವ್ರಿಗೆ ಕೊಡುದಿಲ್ಲ" ಎಂದ. ಕೆಲವರಿಗೆ ಹೋಟೆಲಿನಲ್ಲಿ ಕಾಯಂ ಮೇಜು ಇರುತ್ತದೆಯಂತೆ. ನನಗೆ ಒತ್ತಿನೆಣೆಯಲ್ಲಿ ಕಾಯಂ ಕಲ್ಲು ಇತ್ತು.

ಬೆಂಚಿನ ಮೇಲೆ ಬಹುತೇಕ ದಿನ ಮುತ್ತಕ್ಕ ಇರುತ್ತಿದ್ದಳು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿ ಪಕ್ಕಕ್ಕಿಟ್ಟು, ಕಾಲು ಚಾಚಿ ಚಾ ಕುಡಿಯುವ ಹೆಂಗಸು. "ಎಂತ ಶೆಟ್ರೆ, ಇವತ್ತೂ ಕೈ ಕೊಟ್ತಾ?" ಎಂದು ಕೇಳುವುದರಲ್ಲಿ ಅವಳಿಗೆ ಎಂದೂ ಬೇಸರವಿರಲಿಲ್ಲ. ಗಾಡಿ ತಣಿದ ಮೇಲೆ ದೂಡಲು ಮೊದಲು ಏಳುವವಳೂ ಅವಳೇ. ಸೆರಗು ಸಿಕ್ಕಿಸಿಕೊಂಡು, "ನೀವ್ ಸ್ಟೇರಿಂಗ್ ಹಿಡ್ಕಣಿ ಸಾಕ್. ದೂಡುದ್ ನಮ್ಗೆ ಬಿಡಿ" ಎನ್ನುವಳು. ಬಸ್ಸಿಗೆ ಕಾಯುತ್ತಿದ್ದವರು, ಚಾ ಕುಡಿಯುತ್ತಿದ್ದವರು ಎಲ್ಲ ಕೈ ಹಚ್ಚುತ್ತಿದ್ದರು. ಅವರೆಲ್ಲರ ಶಕ್ತಿಯನ್ನು ಒಂದು ಪಕ್ಕಕ್ಕೂ ಮುತ್ತಕ್ಕನ ಶಕ್ತಿಯನ್ನು ಇನ್ನೊಂದು ಪಕ್ಕಕ್ಕೂ ಇಟ್ಟರೆ ಯಾವುದು ಹೆಚ್ಚು ಎಂಬ ಬಗ್ಗೆ ನನಗೆ ಈಗಲೂ ಅನುಮಾನವಿದೆ. ಕೊನೆಗೆ ಇಂಜಿನ್ ಚಾಲೂ ಆದಾಗ ಅವರು ಕೂಗುತ್ತಿದ್ದ ಕೂಗನ್ನು ಕೇಳಿದರೆ ಯಾರದೋ ಮನೆಗೆ ಗಂಡು ಮಗು ಹುಟ್ಟಿತೆಂದು ತಿಳಿಯಬೇಕು.

ಇಷ್ಟೆಲ್ಲ ಇದ್ದರೂ ನನಗೆ ಅದು ಅವಮಾನವೇ. ಮುಹೂರ್ತಕ್ಕೆ ಮೊದಲು ತಲುಪುತ್ತೇನೋ ಇಲ್ಲವೋ ಎಂಬ ಆತಂಕ ಬೇರೆ. ನನ್ನನ್ನು ದಾಟಿ ಹೋಗುವ ಡೀಸೆಲ್ ಗಾಡಿಗಳವರು ಕೈ ಬೀಸಿದರೆ ನಗುತ್ತಿದ್ದಾರೆ ಅನಿಸುತ್ತಿತ್ತು. ಬೀಸದಿದ್ದರೆ ಇನ್ನೂ ಹೆಚ್ಚು ನಗುತ್ತಿದ್ದಾರೆ ಅನಿಸುತ್ತಿತ್ತು. ಡೀಸೆಲ್ ಇಂಜಿನ್ನಿಗೆ ಎಳೆತ ಹೆಚ್ಚು, ಭಾರ ಕಟ್ಟಿದಷ್ಟೂ ಅದಕ್ಕೆ ಖುಷಿ ಎಂದು ಮೆಕ್ಯಾನಿಕ್ ಹೇಳಿದ ದಿನದಿಂದ ನನಗೆ ಬೇರೆ ಧ್ಯಾನವೇ ಇರಲಿಲ್ಲ. ಬೆಂಚಿನ ಮೇಲೆ ಕೂತಾಗಲೂ ನನ್ನ ಮಾತು ಅದೇ. ಮಂಜಣ್ಣ ಚಾ ಸೋಸುತ್ತಾ ಎಲ್ಲ ಕೇಳಿಸಿಕೊಂಡು, "ಬತ್ತ್ ಶೆಟ್ರೆ, ನಿಮ್ಗೂ ಒಂದ್ ದಿನ ಡೀಸೆಲ್ ಬತ್ತ್" ಎನ್ನುತ್ತಿದ್ದ, ಮದುವೆಯಾಗದ ಹುಡುಗಿಗೆ ಸಮಾಧಾನ ಹೇಳುವ ದನಿಯಲ್ಲಿ.

ಒಂದು ದಿನದ ಸಂಗತಿ ಹೇಳದೆ ಹೋದರೆ ತಪ್ಪಾದೀತು. ಅಪ್ಪ ತೀರಿಕೊಂಡು ಸೂತಕ ಕಳೆದು, ನಾನು ಮೊದಲ ಸಲ ಕೆಲಸಕ್ಕೆ ಹೊರಟಿದ್ದೆ. ಮನೆಯಲ್ಲಿ ಬಂದವರನ್ನು ನೋಡಿಕೊಳ್ಳುವುದು, ಲೆಕ್ಕ, ಓಡಾಟ ಎಂದು ಆವರೆಗೆ ಅಳಲು ಪುರುಸೊತ್ತಾಗಿರಲಿಲ್ಲ. ಗಾಡಿ ಎಂದಿನ ಜಾಗದಲ್ಲಿ ನಿಂತಿತು. ಮಂಜಣ್ಣ ಕಲ್ಲು ಕೊಟ್ಟ, ನನ್ನ ಬೋಳಿಸಿದ ತಲೆ ನೋಡಿದ, ಏನೂ ಕೇಳದೆ ಚಾ ತಂದಿಟ್ಟ. ಮುತ್ತಕ್ಕ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು. ನಾನು ಅಲ್ಲಿ ಕೂತು ಸಣ್ಣ ಹುಡುಗನ ಹಾಗೆ ಅತ್ತೆ. ಇಬ್ಬರೂ ರಸ್ತೆಯ ಕಡೆ ನೋಡುತ್ತಾ ಕೂತಿದ್ದರು. ಅಂದು ಗಾಡಿ ತಣಿದು ಎಷ್ಟೋ ಹೊತ್ತಾದ ಮೇಲೂ, ತಣಿಯಿತು ಎಂದು ಯಾರೂ ಹೇಳಲಿಲ್ಲ.

ಅಂತೂ ಎರಡು ಸಾವಿರದ ಆರರಲ್ಲಿ ಡೀಸೆಲ್ ಪಿಕಪ್ ಬಂತು. ಆರತಿ ಎತ್ತಿ, ಚಕ್ರದಡಿಗೆ ನಿಂಬೆಹಣ್ಣಿಟ್ಟು ಅಂಗಳದಿಂದ ಹೊರಗೆ ತೆಗೆದಾಗ ಬೀದಿಯ ನಾಯಿಗಳೆಲ್ಲ ಎದ್ದು ಓಡಿದವು, ಅಂಥ ಸದ್ದು. ಸುಮತಿ ಹೊಗೆಯೊಳಗೆ ಕಣ್ಣು ಕಿರಿದು ಮಾಡಿಕೊಂಡು, "ಇನ್ನಾರೂ ಬೈರಾಸ್ ಉಳಿತ್ತಲ್ದಾ, ಸಾಕ್" ಎಂದಳು. ಹಳೆಯ ಗಾಡಿಯನ್ನು ತೆಂಗಿನಕಾಯಿ ವ್ಯಾಪಾರದವರೊಬ್ಬರು ಕೊಂಡರು. ಒಯ್ಯಲು ಬಂದ ದಿನ ಅದು ಚಾಲೂ ಆಗಲಿಲ್ಲ. ನಾನೇ ಹಿಂದಿನಿಂದ ದೂಡಿದೆ. ಎಂಟು ವರ್ಷದಲ್ಲಿ ಅದನ್ನು ನಾನು ದೂಡಿದ್ದು ಅದೇ ಮೊದಲು. ಯಾವಾಗಲೂ ಒಳಗೆ ಕೂತವನಲ್ಲವೇ? ಬೀದಿಯ ತಿರುವಿನಲ್ಲಿ ಅದು ಸದ್ದಿಲ್ಲದೆ ಚಾಲೂ ಆಗಿ ಹೊರಟುಹೋಯಿತು. ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಎರಡು ಹೆಜ್ಜೆ ಬರೀ ಗಾಳಿಯನ್ನೇ ದೂಡಿದೆ.

ಶಿರೂರು ಕಡೆಯ ಮದುವೆಗೆ ಡೀಸೆಲ್ಲಿನಲ್ಲಿ ಮೊದಲ ಸಲ ಹೋದಾಗ ಒತ್ತಿನೆಣೆಯನ್ನು ಏರಿದ್ದೇ ತಿಳಿಯಲಿಲ್ಲ. ಅಂಗಡಿಯ ಮುಂದೆ ಜೋರಾಗಿ ಹಾರ್ನ್ ಹೊಡೆದೆ. ಮಂಜಣ್ಣ ಅಭ್ಯಾಸಬಲದಿಂದ ಕಲ್ಲು ಎತ್ತಿಕೊಂಡು ಹೊರಗೆ ಬಂದವನು, ಗಾಡಿ ನಿಲ್ಲದ್ದನ್ನು ಕಂಡು, ಕಲ್ಲು ಹಿಡಿದ ಕೈಯನ್ನೇ ಎತ್ತಿದ. ಕನ್ನಡಿಯಲ್ಲಿ ಅದನ್ನು ನೋಡಿ ನಾನು ಹೆಮ್ಮೆಯಿಂದ ಬೀಗಿದೆ. ಮುಹೂರ್ತಕ್ಕೆ ಎರಡು ಗಂಟೆ ಮೊದಲೇ ತಲುಪಿದೆ. ಮದುವೆ ಮನೆಯವರಿನ್ನೂ ಅಂಗಳ ಗುಡಿಸುತ್ತಿದ್ದರು. ಕುರ್ಚಿಗಳ ರಾಶಿಯ ಪಕ್ಕ ಒಬ್ಬನೇ ಕೂತಿದ್ದಾಗ ಚಾದ ನೆನಪಾಯಿತು. ಅವರೂ ಕೊಟ್ಟರು, ಏಲಕ್ಕಿ ಹಾಕಿದ್ದರು. ಆದರೆ ಏನೋ ಸರಿಹೋಗಲಿಲ್ಲ.

ಎರಡು ತಿಂಗಳು ಹೀಗೇ ಹೋಯಿತು. ಹಾರ್ನ್ ಹೊಡೆಯುವುದು, ಅವನು ಕೈ ಎತ್ತುವುದು, ಅಷ್ಟರಲ್ಲಿ ನಾನು ತಿರುವು ದಾಟಿರುವುದು. ನಿಲ್ಲಿಸಿದರೆ ಯಾರು ಬೇಡ ಎನ್ನುತ್ತಿದ್ದರು ಎಂದು ನೀವು ಕೇಳಬಹುದು. ಅಲ್ಲೇ ಇರುವುದು ನನ್ನ ತೊಡಕು. ಕೆಲಸಕ್ಕೆಂದು ಹೊರಟವನು, ಗಾಡಿ ಸರಿಯಿರುವಾಗ, ಹಾಡುಹಗಲಲ್ಲಿ ಅರ್ಧ ಗಂಟೆ ಸುಮ್ಮನೆ ಬೆಂಚಿನ ಮೇಲೆ ಕೂರುವುದು ನನ್ನಿಂದ ಆಗದು. ಅಪ್ಪನಿಂದಲೂ ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕೂರಬೇಕಾದರೆ ಜ್ವರವಾದರೂ ಬರಬೇಕು. ಎಂಟು ವರ್ಷ ನನ್ನ ಜ್ವರವನ್ನು ಆ ಪೆಟ್ರೋಲ್ ಗಾಡಿ ತಾನೇ ಹೊತ್ತುಕೊಂಡಿತ್ತು ಎಂಬುದು ಆಗ ತಿಳಿಯಿತು. ನನಗೆ ಆ ಬೆಂಚು ಬೇಕಿತ್ತು. ಆ ಇಬ್ಬರು ಬೇಕಿದ್ದರು. ಡೀಸೆಲ್ಲಿಗೆ ಹಂಬಲಿಸಿದ್ದಕ್ಕಿಂತ ಹೆಚ್ಚಾಗಿ ಹಂಬಲಿಸಿದೆ.

ಕೊನೆಗೊಂದು ದಿನ, ಈಗ ಹೇಳಿಕೊಳ್ಳಲೂ ನಾಚಿಕೆ, ಅಂಗಡಿ ಇನ್ನೂ ನಾಲ್ಕು ಮಾರು ದೂರವಿರುವಾಗ ಚೆನ್ನಾಗಿ ಓಡುತ್ತಿದ್ದ ಗಾಡಿಯ ಕೀ ತಿರುಗಿಸಿ ಬಂದ್ ಮಾಡಿದೆ. ಕೈಬ್ರೇಕು ಎಳೆದು, ಮುಖ ಸಣ್ಣದು ಮಾಡಿಕೊಂಡು ಇಳಿದು ಬಾನೆಟ್ಟು ಎತ್ತಿದೆ. ಮಂಜಣ್ಣ ಕಲ್ಲು ಹಿಡಿದು ಓಡಿಬಂದ. ಮುತ್ತಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತು, "ಅಯ್ಯೋ ಮಾರಾಯ್ರೆ, ಡೀಸೆಲ್ಲೂ ಇಷ್ಟೇಯಾ!" ಎಂದಳು. ಹಳೆಯ ಅಭ್ಯಾಸಕ್ಕೆ ಸೀಟಿನಡಿ ಹಾಕಿಟ್ಟಿದ್ದ ಬೈರಾಸನ್ನು ನಾನು ತೆಗೆದು ಒದ್ದೆ ಮಾಡಿ ಇಂಜಿನ್ನಿನ ಮೇಲೆ ಎಲ್ಲಿ ಹಾಕಬೇಕೆಂದು ತಿಳಿಯದೆ, ಕೈಗೆ ಸಿಕ್ಕಿದ ಒಂದು ಪೈಪಿಗೆ ಸುತ್ತಿದೆ. ಮಂಜಣ್ಣ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೋಗಿ ಚಾ ಇಟ್ಟ.

ಅಂದು ಕೂತೆವು. ಮುತ್ತಕ್ಕನ ಅಳಿಯ ಬೊಂಬಾಯಿಯ ಹೋಟೆಲು ಬಿಟ್ಟು ಬಂದದ್ದು, ಬಂಗುಡೆ ಮೀನು ಈ ಸಲ ಬಾರದ್ದು, ಮಂಜಣ್ಣನ ಮಂಡಿನೋವು, ಎರಡು ತಿಂಗಳ ಸುದ್ದಿಯೆಲ್ಲ ಆಯಿತು. ಲೋಟ ಹಿಂದಕ್ಕೆ ಕೊಡುವಾಗ ಮಂಜಣ್ಣ ದನಿ ತಗ್ಗಿಸಿ ಹೇಳಿದ: "ಶೆಟ್ರೆ, ನೀವ್ ಕೀ ಬಂದ್ ಮಾಡಿದ್ ನಾ ಕಂಡೆ. ಚಾ ಕುಡುಕೆ ಗಾಡಿ ಹಾಳಾಯ್ಕಾ?"

ನಾನು ಹೋಗಿ ಪೈಪಿಗೆ ಸುತ್ತಿದ್ದ ಬೈರಾಸನ್ನು ಬಿಚ್ಚತೊಡಗಿದೆ. "ದೂಡುದ್ ಬ್ಯಾಡ ಹಾಂಗಾರೆ?" ಎಂದಳು ಮುತ್ತಕ್ಕ. ಅವಳಿಗೂ ಗೊತ್ತಿತ್ತು.

ಅಲ್ಲಿಂದಾಚೆಗೆ ಅಲ್ಲಿ ಮರ್ಯಾದೆಯಾಗಿ ನಿಲ್ಲಿಸತೊಡಗಿದೆ. ಆದರೆ ಕೆಲಸದ ಹೊತ್ತಿನಲ್ಲಿ, ಸರಿಯಿರುವ ಇಂಜಿನ್ ಬಂದ್ ಮಾಡಲು ಮನಸ್ಸು ಬಾರದೆ ಚಾಲೂ ಇಟ್ಟೇ ಇಳಿಯುತ್ತಿದ್ದೆ. ಅದರ ಗಡಗಡದಲ್ಲಿ ಮಂಜಣ್ಣ ಹೇಳಿದ್ದು ನನಗೆ ಕೇಳದು, ನಾನು ಹೇಳಿದ್ದು ಮುತ್ತಕ್ಕನಿಗೆ ಕೇಳದು. ಐದು ನಿಮಿಷಕ್ಕೆ ಎದ್ದುಬಿಡುತ್ತಿದ್ದೆ. "ಕೂಕಣಿ" ಎಂದು ಕೂರಲು ಒತ್ತಾಯಿಸುವುದನ್ನು ಅವರು ಕ್ರಮೇಣ ಬಿಟ್ಟರು. ಕಲ್ಲು ಬೆಂಚಿನ ಕೆಳಗೇ ಉಳಿಯಿತು.

ಕೆಲವು ವರ್ಷಗಳ ಮೇಲೆ ರಸ್ತೆ ಅಗಲ ಮಾಡುವ ಯಂತ್ರಗಳು ಬಂದು ಗುಡ್ಡವನ್ನೇ ಕೊರೆಯತೊಡಗಿದವು. ಮಂಜಣ್ಣ ಬೈಂದೂರು ಪೇಟೆಗೆ ಅಂಗಡಿ ಬದಲಿಸಿದ. ಹೊಸ ಅಂಗಡಿಯಲ್ಲಿ ಫ್ಯಾನು, ಮೇಜು ಎಲ್ಲ ಇವೆ, ಏರು ಮಾತ್ರ ಇಲ್ಲ. ಮುತ್ತಕ್ಕ ಈಗ ಅಳಿಯನ ರಿಕ್ಷಾದಲ್ಲಿ ಮೀನು ಮಾರುತ್ತಾಳೆ. ಅಂಗಡಿ ಬದಲಿಸಿದ ವಾರವೇ ಮಂಜಣ್ಣ ಒಂದು ಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದ. ಹೆಗಲು ಒಂದು ಪಕ್ಕಕ್ಕೆ ವಾಲಿತ್ತು. ಚೀಲ ಕೆಳಗಿಟ್ಟು ಉಸಿರು ತೆಗೆದುಕೊಂಡು, "ಬಸ್ಸಗೆ ಕಂಡಕ್ಟರ್ ಕೇಂಡ, ಚೀಲ್ದಗೆ ಎಂತ ಇತ್ತ್ ಅಂದೇಳಿ. ಶೆಟ್ರ ಕಲ್ಲ್ ಅಂದೆ" ಎಂದ. ಅಂದು ನಮ್ಮ ಮನೆಯಲ್ಲಿ ಚಾ ಕುಡಿದ. ಚೆನ್ನಾಗಿದೆ ಎಂದ. ಅವನೂ ಸುಳ್ಳು ಹೇಳಬಲ್ಲ ಎಂದು ಗೊತ್ತಾಯಿತು.

ಈಗ ಪ್ರತಿ ಸಂಜೆ ಗಾಡಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ಆ ಕಲ್ಲು ಕೊಡುತ್ತೇನೆ. "ಅಂಗ್ಳ ಸಪಾಟ್ ಇತ್ತಲ್ದಾ, ಕಲ್ಲ್ ಎಂತಕೆ?" ಎಂದು ಸುಮತಿ ಕೇಳಿದ್ದಳು. ಗಾಡಿ ಜಾರಬಹುದು ಎಂದೆ. ಮೊನ್ನೆ ಬೆಳಿಗ್ಗೆ ಬ್ರಹ್ಮಾವರದ ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಕಲ್ಲು ತೆಗೆಯಲು ಮರೆತು ಗಾಡಿಯನ್ನು ಹಿಂದಕ್ಕೆ ಬಿಟ್ಟೆ. ಚಕ್ರ ಕಲ್ಲಿನ ತಗ್ಗಿನಲ್ಲಿ ಕೂತಿತು. ಅಷ್ಟು ಎಳೆತದ ಡೀಸೆಲ್ ಇಂಜಿನ್ ಎರಡು ಸಲ ಬಿಕ್ಕಳಿಸಿ ಸುಮ್ಮನಾಯಿತು.

ಇಳಿದು ಬಗ್ಗಿ ಕಲ್ಲು ತೆಗೆದರೆ ಮುಗಿಯಿತು, ಕ್ಷಣದ ಕೆಲಸ. ನಾನು ಜಗಲಿಯ ಮೇಲೆ ಹೋಗಿ ಕೂತೆ. ಅಡುಗೆಮನೆಯ ಕಿಟಕಿಯಿಂದ ಸುಮತಿ ಗಾಡಿಯನ್ನು ನೋಡಿದಳು, ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು.

"ಹ್ವಾಯ್, ಚಾ ಇಡ್ಲಾ?" ಎಂದಳು.

"ಇಡು," ಎಂದೆ. "ಗಾಡಿ ಒಂಚೂರ್ ತಣೀಲಿ."

ಅದು ಇನ್ನೂ ಬಿಸಿಯೇ ಆಗಿರಲಿಲ್ಲ. ಅವಳು ಎರಡು ಲೋಟ ತಂದು, ಒಣಗಿದ ಬೈರಾಸೊಂದನ್ನು ನನ್ನ ಪಕ್ಕದಲ್ಲಿಟ್ಟು, ತಾನೂ ಕೂತಳು.