ಮಿಡ್‌ಫೀಲ್ಡರನ ಮೊಣಕಾಲು, ನನ್ನ ಸಿಟ್ಟು

ಬೆಳಿಗ್ಗೆ ನಗುನಗುತ್ತಾ ಮನೆ ಬಿಟ್ಟರೂ ಸಂಜೆಯೊಳಗೆ ಯಾರಾದರೊಬ್ಬರ ಮೇಲೆ ಕೂಗಾಡದೆ ನನ್ನ ದಿನ ಮುಗಿಯುವುದಿಲ್ಲ. ಕೆಲಸವೇ ಅಂಥದ್ದು. ನ್ಯೂಜೆರ್ಸಿಯ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ನಮ್ಮ ಜನಕ್ಕೆ ಇದನ್ನು ಹೇಳಿದರೆ "ಅಂದ್ರೆ ಮಸಾಜ್ ಮಾಡ್ತೀರಾ?" ಅನ್ನುತ್ತಾರೆ. ಅದು ಮೊದಲನೇ ಸಿಟ್ಟು. ಕಾಲು ಕುಂಬಳಕಾಯಿಯಂತೆ ಊದಿದ್ದರೂ "ನೋವೇ ಇಲ್ಲ" ಎನ್ನುವ ಆಟಗಾರರ ಮೇಲಿನದು ಎರಡನೇ ಸಿಟ್ಟು. ಮಿಕ್ಕವನ್ನು ಎಣಿಸುವುದು ಬಿಟ್ಟಿದ್ದೇನೆ.

ಹೀಗಿರುವಾಗ ನನಗಿಂತ ದೊಡ್ಡ ಸಿಟ್ಟಿನವನೊಬ್ಬ ಬಂದ. ದಕ್ಷಿಣ ಅಮೆರಿಕದ ಪುಟ್ಟ ದೇಶವೊಂದರ ಮಿಡ್‌ಫೀಲ್ಡರ್. ಅಂದರೆ ಮೈದಾನದ ನಡುವೆ ನಿಂತು, ಹಿಂದಿನವರಿಂದ ಚೆಂಡು ತಗೊಂಡು ಮುಂದಿನವರಿಗೆ ದಾಟಿಸುವವನು. ಬಹಳ ಕಾಲ ತನ್ನ ದೇಶದ ತಂಡವನ್ನು ನಡೆಸಿದವನು. ಮೊಣಕಾಲು ಸವೆದ ಮೇಲೆ, ಉಳಿದ ಆಟವನ್ನು ಇಲ್ಲಿ ಆಡಿ ಮುಗಿಸೋಣ ಅಂತ ಬಂದಿದ್ದ. ನಾವೆಲ್ಲ ಅವನನ್ನು ಕ್ಯಾಪ್ಟನ್ ಅಂತಲೇ ಕರೆಯುತ್ತಿದ್ದೆವು. ಅವನ ಇಂಗ್ಲಿಷ್ ಅರ್ಧ, ನನ್ನ ಸ್ಪ್ಯಾನಿಷ್ ಕಾಲು. ಜಗಳಕ್ಕೆ ಅಷ್ಟು ಸಾಕಾಗುತ್ತಿತ್ತು.

ಅದು ಸರಿ, ಕೆಲಸ ಏನು?

ಮೊಣಕಾಲಿನ ಆಪರೇಷನ್ ಆಗಿ ಕ್ಯಾಪ್ಟನ್ ಮನೆಯಲ್ಲೇ ಕೂತಿದ್ದ ದಿನಗಳು. ಒಬ್ಬನೇ ಕೂತು ಗೋಡೆಗಳ ಜೊತೆ ಜಗಳವಾಡುತ್ತಾನೆ ಅಂತ ನನ್ನ ಗಂಡ ಅವನನ್ನು ಮಾನ್ಮತ್ ಜಂಕ್ಷನ್ ಎಂಬ ಊರಿನ ನಮ್ಮ ಸ್ನೇಹಿತರ ಮನೆಗೆ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಕರೆದುಕೊಂಡು ಬಂದರು. ಬಿಸಿಬೇಳೆಬಾತ್ ತಟ್ಟೆ ಹಿಡಿದು ಸೋಫಾದಲ್ಲಿ ಕೂತವನ ಪಕ್ಕಕ್ಕೆ ಮೈಸೂರಿನ ಅಂಕಲ್ ಒಬ್ಬರು ಬಂದು ಕೂತರು.

"ವಾಟ್ ಡು ಯೂ ಡೂ?" ಅಂತ ಶುರು ಮಾಡಿದರು.

"ಫುಟ್‌ಬಾಲ್," ಅಂದ ಕ್ಯಾಪ್ಟನ್.

"ವೆರಿ ಗುಡ್, ವ್ಯಾಯಾಮ ಇರಬೇಕು. ಕೆಲಸ ಏನು?"

"ಅದೇ ಕೆಲಸ."

ಅಂಕಲ್ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಪಾಪ, ಇನ್ನೂ ಏನೂ ಸಿಕ್ಕಿಲ್ವೇನಮ್ಮಾ? ನಮ್ಮ ಕಂಪನೀಲಿ ಕೇಳ್ಲಾ?" ಅಂದರು. ನನಗೆ ಮೈಯೆಲ್ಲ ಉರಿಯಿತು. ಇವನ ಊರಿನಲ್ಲಿ ಇವನು ಬ್ರೆಡ್ ತರಲು ಹೋದರೆ ರಸ್ತೆ ಬಂದ್ ಆಗುತ್ತೆ ಅಂಕಲ್ ಅಂದೆ. ಅವರು ನಂಬಲಿಲ್ಲ.

ನನ್ನ ದನಿ ಏರಿದ್ದು ಕೇಳಿ ಕ್ಯಾಪ್ಟನ್‌ಗೂ ಸಿಟ್ಟು ಏರಿತು. ತಟ್ಟೆ ಕೆಳಗಿಟ್ಟು, "ನೀವೇನು ಮಾಡ್ತೀರಿ?" ಅಂತ ಅಂಕಲ್ಲನ್ನೇ ಕೇಳಿದ.

"ಪ್ರಾಜೆಕ್ಟ್ ಮ್ಯಾನೇಜರ್."

"ಅಂದ್ರೆ?"

ಅಂಕಲ್ ವಿವರಿಸಿದರು. ಹಿಂದೆ ಕೆಲಸ ಮಾಡುವ ಹುಡುಗರಿರುತ್ತಾರೆ, ಮುಂದೆ ಕ್ಲೈಂಟ್ ಇರುತ್ತಾನೆ. ಅವರ ಕೆಲಸ ಇವನಿಗೆ ಮುಟ್ಟಿಸಬೇಕು, ಇವನ ಬೈಗುಳ ಅವರಿಗೆ ಮುಟ್ಟಿಸಬೇಕು. ಎಲ್ಲ ಚೆನ್ನಾಗಾದರೆ ಹೆಸರು ಮೇಲಿನವರಿಗೆ, ಕೆಟ್ಟರೆ ನನಗೆ ಅಂದರು.

ಕ್ಯಾಪ್ಟನ್ ಎದ್ದು ನಿಂತ. ಹೊಡೆದೇಬಿಡುತ್ತಾನೆ ಅಂತ ನಾನು ಓಡಿದೆ. ಅವನು ಅಂಕಲ್ಲರ ಎರಡೂ ಕೈ ಹಿಡಿದು ಕುಲುಕಿ, "ಅನ್ಯಾಯ! ನೀವೂ ಮಿಡ್‌ಫೀಲ್ಡರೇ!" ಅಂದ.

ಅಂದಿನಿಂದ ಅಂಕಲ್ ಹೊಸಬರು ಸಿಕ್ಕರೆ "ಐಯಾಮ್ ಬೇಸಿಕಲಿ ಎ ಮಿಡ್‌ಫೀಲ್ಡರ್" ಅಂತಲೇ ಪರಿಚಯ ಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿರುವ ಆಂಟಿ ತಿದ್ದುತ್ತಾರೆ: "ಎಲ್ಲೀ ಮಿಡ್‌ಫೀಲ್ಡು? ಪ್ರಾಜೆಕ್ಟ್ ಮುಗಿದಾಗಿನಿಂದ ಕೆಲಸವಿಲ್ಲದೆ ಬೆಂಚ್ ಮೇಲಿದಾರೆ."

ಐಸ್

ಆಟಕ್ಕೆ ಮರಳಿದ ಮೇಲೆ ಕ್ಯಾಪ್ಟನ್‌ನ ಮೊಣಕಾಲು ಮತ್ತೆ ಬಾತುಕೊಂಡಿತು. ಐಸ್ ಇಡೋಣ ಅಂದರೆ ಅವನು ಬೇಡ ಅಂದ. ಯಾಕೆ ಅಂದರೆ ಅಮ್ಮ ಬೇಡ ಅಂದಿದ್ದಾರಂತೆ. ದೇಶದ ತಂಡ ನಡೆಸಿದ ಗಂಡಸು! ಕೋಪದಲ್ಲಿ ಐಸ್ ಚೀಲವನ್ನು ಅವನ ಮೊಣಕಾಲಿಗೆ ಕಟ್ಟೇಬಿಟ್ಟೆ. ಅವನೂ ಕೋಪದಲ್ಲಿ ಊರಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟ. ಅವನ ತಾಯಿ ಐಸ್ ನೋಡಿದ್ದೇ ತಡ, ತಲೆ ಮೇಲೆ ಕೈ ಹೊತ್ತುಕೊಂಡು "ಕಾಲಿಯೆಂತೆ! ಕಾಲಿಯೆಂತೆ!" ಅಂತ ಕೂಗತೊಡಗಿದರು. ಅಂದರೆ ಬಿಸಿ ಇಡು, ಬಿಸಿ ಇಡು ಅಂತ.

ಅದೇ ಗಳಿಗೆಗೆ ಧಾರವಾಡದಿಂದ ನಮ್ಮವ್ವನ ವಿಡಿಯೋ ಕಾಲ್. ಎತ್ತದಿದ್ದರೆ ಎತ್ತುವವರೆಗೂ ಬಿಡುವವಳಲ್ಲ. ಎತ್ತಿ, ಆಮೇಲೆ ಮಾತಾಡ್ತೀನಿ ಅಂತ ಹೇಳುವಷ್ಟರಲ್ಲಿ ಅವ್ವನ ಕಣ್ಣಿಗೂ ಐಸ್ ಬಿತ್ತು.

"ಏ ಬುದ್ಧಿಗೇಡಿ, ಬಾತ ಮೊಣಕಾಲಿಗೆ ಯಾರರ ಐಸ್ ಇಡ್ತಾರೇನ? ಔಡಲೆಣ್ಣಿ ಹಚ್ಚಿ, ಎಕ್ಕಿ ಎಲಿ ಬೆಚ್ಚಗ ಮಾಡಿ ಕಟ್ಟು!"

"ಅವ್ವಾ, ಇದನ್ನ ನಾ ಓದೇನಿ, ನೀ ಸುಮ್ನಿರು."

"ಓದಿದ್ದು ಸಾಕು. ಆ ಫೋನಿನ್ಯಾಗ ಯಾರವರು? ನೋಡು, ಅವರೂ 'ಕಾಲಂತ, ಕಾಲಂತ' ಅಂತ ಬಡಕೊಳ್ಳಾಕತ್ತಾರ. ಕನ್ನಡದವರೇನು?"

ಎರಡು ಫೋನುಗಳು ಎದುರುಬದುರು. ಒಬ್ಬಾಕೆ ಸ್ಪ್ಯಾನಿಷಿನಲ್ಲಿ, ಇನ್ನೊಬ್ಬಾಕೆ ಧಾರವಾಡದ ಕನ್ನಡದಲ್ಲಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಒಂದಕ್ಷರ ಗೊತ್ತಿಲ್ಲ. ಆದರೆ ನನಗೆ ಏನೂ ಬರುವುದಿಲ್ಲ ಎಂಬ ವಿಷಯದಲ್ಲಿ ಇಬ್ಬರಿಗೂ ಪೂರ್ತಿ ಒಮ್ಮತ. "ನಿಮ್ಮ ತಾಯಿ ಏನಂತಾರೆ?" ಅಂತ ಕ್ಯಾಪ್ಟನ್ ಕೇಳಿದ. "ನಿಮ್ಮ ತಾಯಿ ಏನಂತಾರೋ ಅದನ್ನೇ," ಅಂತ ಚೀರಿದೆ. ಅವನೂ ಚೀರಿದ. ಅವರಿಬ್ಬರೂ ಚೀರಿದರು. ಕಡೆಗೆ ಆ ಕೋಣೆಯಲ್ಲಿ ತಣ್ಣಗಿದ್ದದ್ದು ಐಸ್ ಒಂದೇ.

ಹೋಬೋಕನ್ನಿನ ಫೋಟೊ

ಹೋಬೋಕನ್ನಿನಲ್ಲಿ ಕ್ಯಾಪ್ಟನ್‌ನ ಸ್ಕ್ಯಾನ್ ಮುಗಿಸಿಕೊಂಡು ಇಬ್ಬರೂ ಸ್ಟೇಷನ್ ಕಡೆ ನಡೆಯುತ್ತಿದ್ದೆವು. ಚಳಿಗೆ ಅವನು ಮೂಗಿನವರೆಗೂ ಮಫ್ಲರ್ ಸುತ್ತಿದ್ದ. ಡಾಕ್ಟರು "ಇನ್ನೊಂದಷ್ಟು ದಿನ ಆಟ ಬೇಡ" ಅಂದಿದ್ದರಿಂದ ಮುಖ ಒಲೆಯ ಹಾಗೆ ಕಾದಿತ್ತು. ದಾರಿಯ ಗೋಡೆಯೊಂದರ ಮೇಲೆ ಅವನದೇ ಚಿತ್ರ, ಮಹಡಿ ಎತ್ತರದ್ದು. ಕ್ಲಬ್ಬಿನ ಜಾಹೀರಾತು. ಕ್ಲಬ್ಬಿನ ಜರ್ಸಿ ಹಾಕಿದ್ದ ಒಬ್ಬ ತರುಣ, ಜೊತೆಗೆ ಅವನ ಗೆಳತಿ, ಅದರ ಮುಂದೆ ನಿಂತು ಫೋನನ್ನು ಕ್ಯಾಪ್ಟನ್ ಕೈಗೇ ಕೊಟ್ಟರು.

"ಒಂದು ಫೋಟೊ ತೆಗೀತೀರಾ? ಹಿಂದಿರೋ ಪ್ಲೇಯರ್ ಪೂರ್ತಿ ಬರಬೇಕು."

ಕ್ಯಾಪ್ಟನ್ ಗೋಡೆಯನ್ನೊಮ್ಮೆ ದುರುಗುಟ್ಟಿ ನೋಡಿ, "ಯಾಕೆ? ಅವನೇನು ಅಂಥಾ ಆಟಗಾರನಲ್ಲ. ಮೊಣಕಾಲು ಸರಿಯಿಲ್ಲ," ಅಂದ.

ತರುಣನಿಗೆ ಸಿಟ್ಟು ಬಂತು. "ಬ್ರೋ, ಅವರು ಯಾರು ಅಂತ ನಿಮಗೆ ಗೊತ್ತಾ?"

"ಚೆನ್ನಾಗಿ ಗೊತ್ತು," ಅಂತ ಕ್ಯಾಪ್ಟನ್ ಫೋಟೊ ತೆಗೆದ. ತರುಣ ಅದನ್ನು ನೋಡಿ ಗೆಳತಿಗೆ, "ಕೈ ಅಲ್ಲಾಡ್ಸಿದಾನೆ. ಫೋಟೊ ತೆಗೆಯೋಕೂ ಬರಲ್ಲ, ಫುಟ್‌ಬಾಲ್ ಬಗ್ಗೆ ಮಾತು ಬೇರೆ," ಅಂದ.

ಆಟದ ಬಗ್ಗೆ ಅಂದದ್ದನ್ನು ಕ್ಯಾಪ್ಟನ್ ಸಹಿಸಿಕೊಂಡ. ಫೋಟೊ ಬಗ್ಗೆ ಅಂದದ್ದನ್ನು ಸಹಿಸಲಿಲ್ಲ. ಫೋನ್ ಕಿತ್ತುಕೊಂಡು, ಇಬ್ಬರನ್ನೂ ಮತ್ತೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಇನ್ನೊಂದು ತೆಗೆದ. ತರುಣ, ತರುಣಿ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬಂದಿದ್ದರು. ಗೋಡೆಯ ಮೇಲಿದ್ದ ಕ್ಯಾಪ್ಟನ್‌ಗೆ ಮಾತ್ರ ತಲೆಯೇ ಇರಲಿಲ್ಲ.

ಬೀಳ್ಕೊಡುಗೆ

ಕೊನೆಯದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ, ಈಗಲೂ ನಗುತ್ತೇನೆ.

ಇನ್ನೊಂದು ದೊಡ್ಡ ಟೂರ್ನಮೆಂಟಿಗೆ ದೇಶದ ತಂಡದಲ್ಲಿ ಆಡಬೇಕು ಎಂಬುದು ಕ್ಯಾಪ್ಟನ್‌ನ ಆಸೆ. ಅದಕ್ಕಾಗಿ ಚಳಿಗಾಲ ಪೂರ್ತಿ ಅವನೂ ನಾನೂ ಆ ಮೊಣಕಾಲಿನ ಜೊತೆ ಗುದ್ದಾಡಿದೆವು. ಅವನು ಅಳುವಷ್ಟು ನೋವು ತಿಂದ. ನಾನು ಕರುಣೆ ತೋರಿಸಲಿಲ್ಲ. ವಸಂತಕ್ಕೆ ಮೊಣಕಾಲು ಮಾತು ಕೇಳತೊಡಗಿತು. ಒಂದು ಮಧ್ಯಾಹ್ನ ಟಿವಿಯಲ್ಲಿ ತಂಡಕ್ಕೆ ಆಯ್ಕೆಯಾದವರ ಹೆಸರು ಹೇಳಿದರು. ಅವನ ಹೆಸರಿರಲಿಲ್ಲ. ಯಾರೂ ಒಂದು ಫೋನ್ ಕೂಡ ಮಾಡಿರಲಿಲ್ಲ. ಅವನು ಎದ್ದು ನೀರಿನ ಬಕೆಟ್ಟಿಗೆ ಒದ್ದ. ಒಳ್ಳೆಯ ಕಾಲಿನಲ್ಲೇ ಒದ್ದ. ನಾನು ಕಲಿಸಿದ್ದು ಅಷ್ಟಾದರೂ ನಾಟಿತ್ತು.

ಮಾರನೇ ದಿನ ಅವರ ದೇಶದ ತಂಡದ ಕೋಚ್ ಫೋನ್ ಮಾಡಿದ. ಟೂರ್ನಮೆಂಟಿಗೆ ಮೊದಲು ತಂಡ ನ್ಯೂಜೆರ್ಸಿಯಲ್ಲೇ ಒಂದು ಸ್ನೇಹದ ಪಂದ್ಯ ಆಡಲಿದೆ, ಅಲ್ಲಿ ನಿನಗೆ ಬೀಳ್ಕೊಡುಗೆ. ಸ್ವಲ್ಪ ಹೊತ್ತು ಆಡು, ಆಮೇಲೆ ಆಟ ನಿಲ್ಲಿಸ್ತೀವಿ, ಎರಡೂ ಕಡೆಯವರು ಚಪ್ಪಾಳೆ ತಟ್ತಾರೆ, ನೀನು ಕೈ ಬೀಸುತ್ತಾ ಹೊರಗೆ ಬಾ.

"ನನ್ನ ಶವಸಂಸ್ಕಾರಕ್ಕೆ ನಾನೇ ಬೂಟು ಹಾಕ್ಕೊಂಡು ಹೋಗಬೇಕಂತೆ," ಅಂದ ಕ್ಯಾಪ್ಟನ್.

"ಹೋಗಲೇಬೇಡ!" ನನ್ನ ಸಿಟ್ಟು ಅವನದಕ್ಕಿಂತ ಮೇಲಿತ್ತು.

"ಹೋಗ್ತೀನಿ. ಆ ಅಂಗಿ ಇನ್ನೊಂದು ಸಲ ಹಾಕ್ಕೋಬೇಕು," ಅಂದ ಅವನು. ಆಮೇಲೆ, "ನೀನೂ ಬರಬೇಕು. ಮೊಣಕಾಲು ನಿನ್ನದು," ಅಂತ ಸೇರಿಸಿದ.

ಹಾಗಾಗಿ ಪಂದ್ಯದ ದಿನ ನಾನೂ ಅವರ ತಂಡದ ಬೆಂಚಿನ ತುದಿಯಲ್ಲಿ ಔಷಧದ ಚೀಲ ಹಿಡಿದು ಕೂತಿದ್ದೆ. ಆಟ ಶುರುವಾಯಿತು. ಬೀಳ್ಕೊಡುಗೆ ಅಂತ ಹೇಳಿದ್ದನ್ನು ಅವನು ಕೇಳಿಸಿಕೊಂಡೇ ಇರಲಿಲ್ಲ ಅನ್ನುವಂತೆ ಆಡಿದ. ಎದುರಾಳಿಗಳಿಂದ ಚೆಂಡು ಕಿತ್ತುಕೊಂಡ, ಚಿಕ್ಕ ವಯಸ್ಸಿನವರನ್ನು ಓಡಿಸಿ ಸುಸ್ತು ಮಾಡಿದ. ಹೊರಗೆ ಬಾ ಅಂತ ಅವನ ನಂಬರಿನ ಬೋರ್ಡ್ ಎತ್ತಿದರು. ನೋಡಲಿಲ್ಲ. ರೆಫರಿ ಶಿಳ್ಳೆ ಊದಿ ಆಟ ನಿಲ್ಲಿಸಿದ. ಎರಡೂ ತಂಡದವರು ಸಾಲಾಗಿ ನಿಂತು ಚಪ್ಪಾಳೆ ಶುರು ಮಾಡಿದರು. ಎದುರಾಳಿ ಗೋಲ್‌ಕೀಪರನೂ ಗೋಲು ಬಿಟ್ಟು ಬಂದು ಗ್ಲೌಸ್ ಹಾಕಿದ ಕೈಯಲ್ಲಿ ಪಟಪಟ ಅಂತ ತಟ್ಟುತ್ತಿದ್ದ. ಕ್ಯಾಪ್ಟನ್ ಆ ಸಾಲಿನ ನಡುವೆಯೇ ಚೆಂಡು ಓಡಿಸಿಕೊಂಡು ಹೋಗಿ ಖಾಲಿ ಗೋಲಿಗೆ ಹೊಡೆದ!

ಆಟ ನಿಂತಿದೆ, ಗೋಲು ಲೆಕ್ಕಕ್ಕಿಲ್ಲ ಅಂದ ರೆಫರಿ. ಕ್ಯಾಪ್ಟನ್ ಅವನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕೂಗಾಡಿದ. ಕಡೆಗೆ ಮೈದಾನದ ನಟ್ಟನಡುವೆ ಧರಣಿ ಕೂತುಬಿಟ್ಟ. ಕೂತವನಿಗೆ ಪೆಟ್ಟಾಗಿದೆ ಅಂದುಕೊಂಡ ರೆಫರಿ ನಮ್ಮ ಬೆಂಚಿನ ಕಡೆ ಕೈ ಬೀಸಿದ. ಚೀಲ ಹಿಡಿದು ಓಡಿದೆ.

"ಎಲ್ಲಿ ನೋವು?"

ಅವನು ಎದೆ ತೋರಿಸಿದ.

"ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ. ಮೊಣಕಾಲು ಕೊಡು."

ಮೊಣಕಾಲು ಮುಟ್ಟಿದೆ. ಆಗಲೇ ಬಿಸಿಯಾಗಿ ಊದುತ್ತಿತ್ತು. ಚಳಿಗಾಲವಿಡೀ ಪಟ್ಟ ಪಾಡು ಕಣ್ಣ ಮುಂದೆ ಬಂತು. ಆ ಕೋಚ್, ಆ ಚಪ್ಪಾಳೆ, ಈ ಹಟಮಾರಿ, ಎಲ್ಲರ ಮೇಲಿನ ಸಿಟ್ಟು ಒಟ್ಟಿಗೆ ಗಂಟಲಿಗೆ ಬಂತು. ಇಂಗ್ಲಿಷೂ ಬರಲಿಲ್ಲ, ಸ್ಪ್ಯಾನಿಷೂ ಬರಲಿಲ್ಲ. ಎರಡೂ ಕೈಯಲ್ಲಿ ಮೊಣಕಾಲು ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಹಲ್ಲು ಕಚ್ಚಿಕೊಂಡು ಧಾರವಾಡದ ಭಾಷೆಯಲ್ಲಿ ಒಂದೇ ಉಸಿರಿಗೆ ಬೈದೆ:

"ಮಂಗ್ಯಾನ ಮಗನ, ಈ ಕಾಲು ಮುರಕೊಂಡು ಯಾರಿಗೆ ತೋರಸಾಂವ? ನೀ ಯಾರಂತ ಇವರಿಗೆ ಗೊತ್ತಿಲ್ಲಂದ್ರ ಹಾಳಾಗಿ ಹೋಗಲಿ, ನನಗ ಗೊತ್ತೈತಿ. ಏಳು ಮ್ಯಾಲೆ, ಮಂಗ್ಯಾನ ಮಗನ!"

ಅವನಿಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಆದರೆ ನನ್ನ ಮುಖವನ್ನೇ ನೋಡುತ್ತಿದ್ದವನು ಮೆಲ್ಲಗೆ ಎದ್ದ. ಕುಂಟದೆ, ನೆಟ್ಟಗೆ ನಡೆದುಕೊಂಡು ಹೊರಗೆ ಹೋದ. ಜನ ಎದ್ದು ನಿಂತು ಕೂಗಿದ ಕೂಗಿಗೆ ನನ್ನ ಕಿವಿ ಗುಂಯ್ ಅಂದಿತು.

ಕ್ಯಾಮೆರಾ ನನ್ನ ಬಾಯಿಗೇ ಹಿಡಿದಿದ್ದರಂತೆ. ಅವನ ದೇಶದ ಟಿವಿಯವರು ಗದ್ಗದವಾಗಿ ವಿವರಿಸಿದರಂತೆ: ನೋಡಿ, ಭಾರತದ ಈ ಹೆಣ್ಣುಮಗಳು ನಮ್ಮ ಕ್ಯಾಪ್ಟನ್‌ನ ಮೊಣಕಾಲಿನ ಮೇಲೆ ಕೈಯಿಟ್ಟು ಪ್ರಾಚೀನ ಮಂತ್ರ ಹೇಳುತ್ತಿದ್ದಾಳೆ, ಮಂತ್ರ ಮುಗಿದ ತಕ್ಷಣ ಅವನು ಎದ್ದು ನಡೆದ!

ಅದಾಗಿ ಕ್ಯಾಪ್ಟನ್ ಆಟ ಬಿಟ್ಟ, ಊರಿಗೆ ಮರಳಿದ, ಅಲ್ಲಿನ ಒಂದು ತಂಡಕ್ಕೆ ಕೋಚ್ ಆದ. ಮೊನ್ನೆ ಒಂದು ವಿಡಿಯೋ ಕಳಿಸಿದ್ದಾನೆ. ಪಂದ್ಯಕ್ಕೆ ಮೊದಲು ಅವನ ಆಟಗಾರರೆಲ್ಲ ವೃತ್ತಾಕಾರವಾಗಿ ನಿಂತು, ಬಗ್ಗಿ, ಮೊಣಕಾಲುಗಳ ಮೇಲೆ ಕೈಯಿಟ್ಟು, ಭಕ್ತಿಯಿಂದ ಕಣ್ಣು ಮುಚ್ಚಿ ಒಕ್ಕೊರಲಿನಿಂದ ಕೂಗುತ್ತಾರೆ:

"ಮಂಗ್ಯಾನ ಮಗನ!"

ತಕ್ಷಣ ಫೋನ್ ಮಾಡಿ ಅದರ ಅರ್ಥ ಹೇಳಿದೆ. ಕ್ಯಾಪ್ಟನ್ ದನಿ ತಗ್ಗಿಸಿ, "ಇದನ್ನ ಯಾರಿಗೂ ಹೇಳಬೇಡ. ಸದ್ಯಕ್ಕೆ ಗೆಲ್ತಾ ಇದ್ದೀವಿ," ಅಂದ.