ನನ್ನ ಹೆಂಡತಿಗೆ ಸರ್ಕಾರದ ಜಾಮೀನು

ನೆಂಟರನ್ನು ಹತ್ತಿರ ಕರೆಯಲು ಹೋಳಿಗೆ ಮಾಡಬೇಕು. ದೂರ ಓಡಿಸಲು ‘ಜಾಮೀನು’ ಎಂಬ ಒಂದೇ ಮಾತು ಸಾಕು. ಸಾಲ ಕೇಳಿದರೆ ಇಲ್ಲವೆನ್ನುವವರು ಕಾರಣವನ್ನಾದರೂ ಹೇಳುತ್ತಾರೆ. ಜಾಮೀನು ಕೇಳಿದರೆ ಉಣ್ಣುತ್ತಿದ್ದವರು ಕೈ ತೊಳೆಯಲು ಎದ್ದುಹೋಗಿ, ಹಿತ್ತಲ ಬಾಗಿಲಿನಿಂದಲೇ ಊರು ಸೇರುತ್ತಾರೆ. ನಾನೇನೂ ಬೇರೆಯವರನ್ನು ಆಡಿಕೊಳ್ಳುತ್ತಿಲ್ಲ. ಹಾಗೆ ಎದ್ದವರಲ್ಲಿ ನಾನೂ ಒಬ್ಬ.

ನನ್ನ ಹೆಂಡತಿ ಶಾಂತಾ ಕಮಲಾಪುರದವಳು. ತಮ್ಮೂರಿನ ಕೆಂಪು ಬಾಳೆಯ ಬಗ್ಗೆ ಅವಳಿಗಿರುವ ಅಭಿಮಾನದಲ್ಲಿ ಕಾಲುಪಾಲು ಗಂಡನ ಮೇಲಿದ್ದಿದ್ದರೂ ನಾನು ಧನ್ಯ. ಆ ಬಾಳೆಕಾಯಿಯ ಚಿಪ್ಸ್ ಮಾಡಿ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳಿಗೆ ಕೊಡುತ್ತಿದ್ದಳು. ಒಂದೇ ಬಾಣಲೆಯಲ್ಲಿ ಕರಿದು ಕರಿದು ರಟ್ಟೆ ಬಿದ್ದುಹೋಗಿತ್ತು. ಅಂಗಡಿಯವರು ಇನ್ನಷ್ಟು ಮಾಲು ಕೇಳುತ್ತಿದ್ದರು. ಹೆರೆಯುವ ಯಂತ್ರ, ದೊಡ್ಡ ಒಲೆ ಬರದಿದ್ದರೆ ಉದ್ಯೋಗವನ್ನೇ ಬಿಡುವುದು ಗತಿ. ಅವಕ್ಕೆ ಬ್ಯಾಂಕಿನ ಸಾಲ ಬೇಕು, ಸಾಲಕ್ಕೆ ಜಾಮೀನು ಬೇಕು. “ನಿಮಗ ಸರ್ಕಾರಿ ನೌಕರಿ ಅದ. ನೀವೇ ಜಾಮೀನು ನಿಲ್ರಲ್ಲ” ಎಂದಳು. ನಾನು ಸರ್ಕಾರಿ ಪ್ರೌಢಶಾಲೆಯ ಗುಮಾಸ್ತ. ಕೈ ತೊಳೆಯಲು ಎದ್ದೆ.

ಕಮಲಾಪುರದಲ್ಲಿರುವ ಅವಳ ಅಣ್ಣನನ್ನು ಕೇಳಿದ್ದಾಯಿತು. “ತಂಗೆವ್ವಾ, ಜೀವಾ ಕೇಳು, ಕೊಡ್ತೀನಿ. ಸಹಿ ಒಂದ್ ಕೇಳಬ್ಯಾಡ” ಎಂದು ಒಂದು ಗೊನೆ ಕೊಟ್ಟು ಬಸ್ಸು ಹತ್ತಿಸಿದ.

ಬ್ಯಾಂಕಿಗೆ ಹೋದಾಗ, ಬೈಸಿಕೊಳ್ಳುವುದು ಮೊದಲೇ ಮುಗಿಯಲಿ ಎಂದು, “ಜಾಮೀನಿಗೆ ಯಾರೂ ಸಿಗಲಿಲ್ರಿ” ಎಂದೆ. ಮ್ಯಾನೇಜರ್ ಸಾಹೇಬರು ನಕ್ಕರು. “ಫಿಕರ್ ಬ್ಯಾಡ್ರಿ. ಸಣ್ಣ ಉದ್ಯೋಗದ ಈ ಸಾಲಕ್ಕ ಸರ್ಕಾರನೇ ಜಾಮೀನು.”

ನನಗೆ ಮೈ ಜುಮ್ಮೆಂದಿತು. ಸುಳ್ಳಲ್ಲ, ಕುರ್ಚಿಯಿಂದ ಅರ್ಧ ಎದ್ದೆ. ಸರ್ಕಾರ! ಶಾಂತಾಳನ್ನು ಕಂಡಿಲ್ಲ, ಅವಳ ಕೈಯ ಚಹಾ ಕುಡಿದಿಲ್ಲ, ಅವಳ ಮದುವೆಗೆ ಬಂದು ಅಕ್ಷತೆ ಹಾಕಿಲ್ಲ. ಅಕ್ಷತೆ ಹಾಕಿದವರೆಲ್ಲ ತಪ್ಪಿಸಿಕೊಂಡ ಜಾಗದಲ್ಲಿ ಬಂದು ನಿಂತಿದೆ. “ಹಂಗಾದ್ರ ನಾವು ಕಟ್ಟಲಿಲ್ಲಂದ್ರ ಸರ್ಕಾರ ಕಟ್ತದೇನ್ರಿ?” ಎಂದು ಭಕ್ತಿಯಿಂದಲೇ ಕೇಳಿದೆ. ಶಾಂತಾ ಮೊಣಕೈಯಿಂದ ತಿವಿದಳು. “ಅದು ಬ್ಯಾಂಕಿನವರ ಧೈರ್ಯಕ್ಕರೀ. ಸಾಲ ನಂದು, ನಾ ತೀರಸ್ತೀನಿ.”

ಸಾಹೇಬರು ಆಮೇಲೆ ನನ್ನ ಕಡೆ ನೋಡಲೇ ಇಲ್ಲ. “ಕೆಂಪು ಬಾಳೆ ಹಣ್ಣಿಗೇ ಛಲೋ ಬೆಲೆ ಅದ, ಕಾಯಿ ಯಾಕ ಕರೀತೀರಿ?” ಎಂದರು. “ಗೊನಿ ತುದಿಯ ಸಣ್ಣ ಕಾಯಿ ಯಾರಿಗೂ ಬ್ಯಾಡ್ರಿ. ನಮಗ ಸೋವಿ ಸಿಗ್ತಾವ” ಎಂದಳು. ಇಷ್ಟು ವರ್ಷ ಜೊತೆಯಲ್ಲಿ ಉಂಡರೂ ಈ ವ್ಯಾಪಾರಸ್ಥೆ ನನಗೆ ಪರಿಚಯವಿರಲಿಲ್ಲ. ಬೆರಗಾಗಿ ನೋಡುತ್ತ ಕುಳಿತೆ. ಸಾಲ ಮಂಜೂರಾಯಿತು.

ಯಂತ್ರ ಬಂತು. ಮೊದಲ ಮಾಲು ದೇವರಿಗೆ, ಎರಡನೆಯದು ಜಾಮೀನು ನಿಂತವರಿಗೆ ಎಂಬುದು ಅವಳ ತವರಿನ ಪದ್ಧತಿ. ಸರ್ಕಾರಕ್ಕೆ ಮುಟ್ಟಿಸಲಿ ಎಂದು ಪೊಟ್ಟಣ ಹಿಡಿದು ಬ್ಯಾಂಕಿಗೇ ಹೋದಳು, ಹಿಂದೆ ನಾನು. ಸಾಹೇಬರು ಕುರ್ಚಿಯನ್ನೇ ಹಿಂದಕ್ಕೆ ಸರಿಸಿದರು. “ತಾಯಿ, ಇದನ್ನ ಮುಟ್ಟಿದ್ರ ನಾಳೆ ನನಗೇ ಜಾಮೀನು ಬೇಕಾಗ್ತದ!”

ಹೊರಗೆ ಬಂದು ಶಾಂತಾ ಚಿಂತೆಗೆ ಬಿದ್ದಳು. ಸರ್ಕಾರದ ಋಣ ಇಟ್ಟುಕೊಳ್ಳುವ ಹೆಂಗಸಲ್ಲ ಅವಳು. ಕೊನೆಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪೊಟ್ಟಣವನ್ನು ನನ್ನ ಕೈಗೆ ತುರುಕಿದಳು.

“ನೀವು ಸರ್ಕಾರಿ ಮನಷ್ಯಾ ಅಲ್ಲೇನ್ರಿ? ತಗೋರಿ, ಸರ್ಕಾರದ ಪಾಲು.”

ಖಾರ ತುಸು ಹೆಚ್ಚಾಗಿತ್ತು. ಸರ್ಕಾರ ತುಟಿಪಿಟಕ್ಕೆನ್ನದೆ ತಿಂದಿತು.