ಆರನೇ ಮಿಷನ್ ಕೇಳುತ್ತಿದ್ದ ಹೆಸರು

ನನ್ನ ಹೆಂಡತಿ ಮುನಿಲಕ್ಷ್ಮಿಯ ಪ್ರಕಾರ ನಾನು ಕೆಡಿಸಲಾರದ ಯಂತ್ರ ಈ ಭೂಮಂಡಲದಲ್ಲಿ ಎರಡೇ: ರಾಗಿ ಬೀಸುವ ಕಲ್ಲು, ನಮ್ಮ ಗೋಡೆ ಗಡಿಯಾರ. (ಗಡಿಯಾರ ಮೊದಲೇ ಕೆಟ್ಟಿತ್ತು.)

ಅಂಥ ನನ್ನ ಕೊರಳಿಗೆ ಎರಡು ಸಾವಿರದ ಆರರಲ್ಲಿ ಶಿಡ್ಲಘಟ್ಟದ ಒಂದು ಇಂಟರ್‌ನೆಟ್ ಸೆಂಟರ್ ಬಿತ್ತು. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಸೆಂಟರು ಗೆಳೆಯ ಭಾನುಪ್ರಕಾಶನದು, ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ. ಯುಗಾದಿಗೆ ಒಂದು ವಾರ ಇದ್ದಾಗ ಅವನು ತೀರಿಕೊಂಡ. ಅವನ ಹೆಂಡತಿ ಸಂಘಮಿತ್ರ ಬೀಗದಕೈ ತಂದುಕೊಟ್ಟು, “ಮುಚ್ಚೋದು ಬೇಡ ಅಣ್ಣ, ಅವರು ಕಟ್ಟಿದ್ದು” ಎಂದಳು. ಅಂದಿನಿಂದ ಸ್ಕೂಲು ಬಿಟ್ಟ ಮೇಲೆ ನಾನೇ ಕೂರುತ್ತಿದ್ದೆ.

ಒಂದು ಸೋಮವಾರ ಲೈನ್ ಕೊಟ್ಟವರ ಆಫೀಸಿನಿಂದ ಫೋನ್ ಬಂತು. “ಸಾರ್, ನಿಮ್ಮಲ್ಲಿ ಯಾವುದಕ್ಕೋ ವೈರಸ್ ಹಿಡಿದಿದೆ. ಅಂಗಡಿ ಮುಚ್ಚಿದ್ರೂ ಏನೋ ಒಂದು ನಮ್ಮನ್ನ ಕೇಳ್ತಾನೇ ಇರುತ್ತೆ. ಶನಿವಾರದೊಳಗೆ ಹುಡುಕಿ ತೆಗೀರಿ, ಇಲ್ಲಾಂದ್ರೆ ಲೈನ್ ಕಟ್.”

ಭಾನು ಹೋಗಿ ಮೂರು ತಿಂಗಳಿಗೇ ಅವನ ಅಂಗಡಿಯನ್ನೂ ಕಳಿಸಿಕೊಟ್ಟರೆ ಸಂಘಮಿತ್ರಳಿಗೆ ಯಾವ ಮುಖ ತೋರಿಸಲಿ?

ಅನುಮಾನ ಮೇಲೂರಿನ ವೆಂಕಟರಾಯಪ್ಪನವರ ಮೇಲೆ ಹೋಯಿತು. ದಿನಾ ಬಂದು ತೆಲುಗು ಪೇಪರ್ ಓದುವವರು. ಹಿಂದಿನ ವಾರ ಮೊಮ್ಮಗಳ ಮದುವೆ ಸಿ.ಡಿ. ಹಾಕಿ ಎಲ್ಲರಿಗೂ ತೋರಿಸಿದ್ದರು.

“ನಿಮ್ಮ ಸಿ.ಡಿ.ಯಿಂದ ವೈರಸ್ ಬಂದಿದೆ. ಸ್ವಲ್ಪ ದಿನ ಬರಬೇಡಿ,” ಎಂದೆ.

“ಏಮಿ ಮೇಷ್ಟ್ರೇ, ಮದುವೇಲಿ ಇದ್ದವರೆಲ್ಲ ನೆಟ್ಟಗಿದ್ರಲ್ಲಪ್ಪ,” ಎಂದು ಟವಲು ಕೊಡವಿ ಹೊರಟುಹೋದರು.

ಬುಧವಾರ ಮತ್ತೆ ಫೋನ್: “ಇನ್ನೂ ಕೇಳ್ತಾ ಇದೆ ಸಾರ್.”

ಭಾನು ಬರೆದಿಟ್ಟ ನೋಟ್‌ಬುಕ್ ತೆಗೆದೆ. ಮೂಲೆಯಲ್ಲಿ ಅವನ ಡಿಎನ್ಎಸ್ ಸರ್ವರ್ ಇತ್ತು. ಯಾವ ಕಂಪ್ಯೂಟರು ಯಾವ ಹೆಸರು ಕೇಳಿದರೂ ಅದರ ವಿಳಾಸ ಹೇಳುವುದು ಅದರ ಕೆಲಸ. ಊರ ಬಾಗಿಲಲ್ಲಿ ಕೂತು ದಾರಿ ತೋರಿಸುವ ಮುದುಕರ ಹಾಗೆ. ಯಾರು ಯಾವಾಗ ಯಾವ ಹೆಸರು ಕೇಳಿದರು ಎಂದು ಅದರಿಂದಲೇ ಬರೆಸಬಹುದು, ಅದಕ್ಕೆ ಕ್ವೆರಿ ಲಾಗ್ ಎನ್ನುತ್ತಾರೆ. ಆ ಪುಟದ ಕೆಳಗೆ ಬರೆದಿದ್ದ: “ಬೇಕಾದಾಗ ಮಾತ್ರ ಆನ್ ಮಾಡು. ಜನ ಯಾರನ್ನ ಹುಡುಕ್ತಾರೋ ಅದು ಅವರ ಪಾಡು. ಆನ್ ಮಾಡೋ ಸಾಲಿನ ಕೊನೆಗೆ ಅರ್ಧವಿರಾಮ (;) ಮರೀಬೇಡ ಕಣೋ ಮೇಷ್ಟ್ರೇ.”

ಮರೆತೆ. ಇಪ್ಪತ್ತು ವರ್ಷ ಮಕ್ಕಳ ವಿರಾಮಚಿಹ್ನೆಗೆ ಕೆಂಪು ಶಾಯಿ ಸುರಿದ ಈ ಮಹಾಪಂಡಿತ ಬಿಟ್ಟ ಒಂದು ಚಿಹ್ನೆಯಿಂದ ಸರ್ವರ್ ಮಲಗಿತು. ಅರ್ಧ ದಿನ ಯಾರಿಗೂ ಏನೂ ತೆರೆಯಲಿಲ್ಲ.

“ಹುಡುಕ್ತೀನಿ ಅಂತ ಇದ್ದಿದ್ದನ್ನೂ ಕಳೆದ್ರಾ?” ಎಂದಳು ಮುನಿಲಕ್ಷ್ಮಿ, ಬೆಳ್ಳುಳ್ಳಿ ಬಿಡಿಸುತ್ತಾ.

ಶುಕ್ರವಾರ ಸಂಜೆಗೆ ಲಾಗ್ ತುಂಬಿತ್ತು. ಓದಿ ಕುಣಿಯುವುದೊಂದು ಬಾಕಿ. “ಸಿಕ್ಕಿದ ಕಣೇ ಕಳ್ಳ. ಆರನೇ ಮಿಷನ್. ನಿಮಿಷಕ್ಕೊಮ್ಮೆ ಒಂದೇ ಹೆಸರು ಕೇಳ್ತಾ ಇದೆ, ಹಗಲೂ ರಾತ್ರಿ.”

“ಅಂಗಡೀಲಿ ಇರೋದು ಐದೇ ಅಲ್ವೇನ್ರೀ?”

ನೋಟ್‌ಬುಕ್ ಅವಳೇ ಎಳೆದುಕೊಂಡು ಪಟ್ಟಿ ಓದಿದಳು. “ಆರು: ಮೇಷ್ಟ್ರ ಮನೆ.”

ಮೇಲಿನ ಮನೆಯಲ್ಲಿ ನನ್ನ ಮೇಜಿನ ಮೇಲಿದ್ದ, ಅದೇ ಲೈನಿನ ಕಂಪ್ಯೂಟರು. ಭಾನು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ಅವನ ಇ-ಮೇಲ್ ಕಾಗದ ತಡವಾಗಬಾರದೆಂದು, ನಿಮಿಷಕ್ಕೊಮ್ಮೆ ಅಂಚೆ ನೋಡುವಂತೆ ಅದಕ್ಕೆ ಹೇಳಿಟ್ಟಿದ್ದೆ. ಅಂಚೆ ಬರುತ್ತಿದ್ದುದು ಭಾನು ತನ್ನ ಹೆಸರಿನಲ್ಲೇ ಕೊಂಡಿದ್ದ ವೆಬ್ ತಾಣದಿಂದ. ಕಳ್ಳ ಸಿಕ್ಕ ಖುಷಿಯಲ್ಲಿ ಲಾಗಿನಲ್ಲಿದ್ದ ಆ ಹೆಸರನ್ನು ನಾನು ಸರಿಯಾಗಿ ಓದಿರಲೇ ಇಲ್ಲ. ಅವನು ಹೋದ ಮೇಲೆ ಅದನ್ನು ಯಾರೂ ದುಡ್ಡು ಕಟ್ಟಿ ನವೀಕರಿಸಲಿಲ್ಲ. ನನ್ನ ಮಿಷನ್ ನಿಮಿಷಕ್ಕೊಮ್ಮೆ ಭಾನುಪ್ರಕಾಶ ಎಲ್ಲಿ ಎಂದು ಕೇಳುತ್ತಿತ್ತು. ಆ ಹೆಸರಿನವರು ಇಲ್ಲ ಎಂದು ಉತ್ತರ ಬರುತ್ತಿತ್ತು. ಮರುನಿಮಿಷ ಮತ್ತೆ ಕೇಳುತ್ತಿತ್ತು.

ಮುನಿಲಕ್ಷ್ಮಿ ನೋಟ್‌ಬುಕ್ ಮುಚ್ಚಿಟ್ಟಳು. ಆಮೇಲೆ, “ಏಳಿ, ಅದನ್ನ ನಿಲ್ಲಿಸಿ ಬನ್ನಿ. ಬೆಳಿಗ್ಗೆ ಮೇಲೂರಿಗೆ ಹೋಗಿ ಆ ಯಜಮಾನರ ಕಾಲು ಹಿಡೀರಿ. ಸಿ.ಡಿ.ನೂ ಪೂರ್ತಿ ನೋಡಿ ಬನ್ನಿ,” ಎಂದು ತಟ್ಟೆ ಹಾಕಿದಳು.

ನಿಲ್ಲಿಸಿದೆ. ಲಾಗನ್ನೂ ಆಫ್ ಮಾಡಿದೆ, ಈ ಸಲ ಅರ್ಧವಿರಾಮ ಸಮೇತ. ಊಟಕ್ಕೆ ಕೂತೆ, ಫೋನ್ ಬಡಿಯಿತು. ಅವಳೇ ಎತ್ತಿದಳು.

“ವೈರಸ್ಸಾ? ಸಿಕ್ತು ಕಣಪ್ಪ. ನಮ್ಮನೇಲೇ ಇತ್ತು. ಈಗ ಮುದ್ದೆ ತಿಂತಾ ಕೂತಿದೆ.”